ಬೇಲಿಯಿಲ್ಲದ ಮನೆಯಂಗಳದಲ್ಲಿ ಸಾಕುನಾಯಿಗಳನ್ನು ಕಟ್ಟದೆ ಬಿಡುವುದನ್ನು ನಿಯಂತ್ರಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಕೊಯಮತ್ತೂರು ಮಹಾನಗರ ಪಾಲಿಕೆ,
ಕೊಯಮತ್ತೂರು

ಇಂದ,
ತುಡಿಯಲೂರು ಮತ್ತು ಸುತ್ತಲಿನ ಬಡಾವಣೆಗಳ ಕನ್ನಡ ಮನೆಮಾತಿನ ನಿವಾಸಿಗಳು,
ತುಡಿಯಲೂರು, ಕೊಯಮತ್ತೂರು – 641034

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಪಶುಸಂಗೋಪನಾ ಇಲಾಖೆ, ಕೊಯಮತ್ತೂರು ಅರಣ್ಯ ವಿಭಾಗ, ಪೆರಿಯನಾಯಕನಪಾಳ್ಯಂ ಪಂಚಾಯತಿ ಒಕ್ಕೂಟ, ತುಡಿಯಲೂರು ಪೊಲೀಸ್ ಠಾಣೆ

ವಿಷಯ: ಕಾಂಪೌಂಡ್ ಅಥವಾ ಬೇಲಿ ಇಲ್ಲದ ಮನೆ, ಸೈಟು, ತೋಟಗಳಲ್ಲಿ ಸಾಕುನಾಯಿಗಳನ್ನು ಹಗ್ಗ, ಸರಪಳಿ ಇಲ್ಲದೆ ಬಿಡುವುದರಿಂದ ಜನರಿಗೂ ನಾಯಿಗಳಿಗೂ ಆಗುತ್ತಿರುವ ತೊಂದರೆ ಮತ್ತು ಅದಕ್ಕೆ ಆಗಬೇಕಾದ ಪರಿಹಾರ.

ಮಾನ್ಯರೇ,

ತಲೆಮಾರುಗಳಿಂದ ಕೊಂಗುನಾಡಿನಲ್ಲಿ ಬಾಳಿ ಬದುಕುತ್ತ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ದೇವಾಂಗ, ಒಕ್ಕಲಿಗ ಮುಂತಾದ ಕುಟುಂಬಗಳೂ, ಕಾರ್ಖಾನೆ, ಕಾಲೇಜುಗಳ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರೂ ಸೇರಿ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ. ಸಂವಿಧಾನದ 350ನೇ ವಿಧಿ ಕೊಟ್ಟಿರುವ ಹಕ್ಕಿನಂತೆ ನಮ್ಮ ಭಾಷೆಯಲ್ಲೇ ಅಹವಾಲು ಬರೆದಿದ್ದೇವೆ. ಕಚೇರಿಯ ಅನುಕೂಲಕ್ಕಾಗಿ ತಮಿಳು ಪ್ರತಿಯನ್ನೂ ಲಗತ್ತಿಸಿದ್ದೇವೆ. ನಮ್ಮ ತಮಿಳು, ತೆಲುಗು, ಮಲಯಾಳಂ ನೆರೆಹೊರೆಯವರ ಕಷ್ಟವೂ ಇದೇ ಆಗಿರುವುದರಿಂದ ಇದು ಒಂದು ಸಮುದಾಯದ ಬೇಡಿಕೆಯಲ್ಲ.

ನಾವು ನಾಯಿಗಳ ವಿರೋಧಿಗಳಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ನಾಯಿ ಇದೆ. ಕ್ರಿ.ಶ. 949–50ರ ಸುಮಾರಿಗೆ, ಗಂಗರ ಬೂತುಗನಿಂದ ಬಹುಮಾನವಾಗಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ, ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡಿನ ಭಾಷೆ ನಮ್ಮದು. ತೋಟದ ಕಾವಲಿಗೆ ಕೊಂಬೈ, ರಾಜಪಾಳ್ಯಂ, ಚಿಪ್ಪಿಪಾರೈ ನಾಯಿಗಳನ್ನು ಸಾಕುವುದು ಈ ನಾಡಿನ ಹಳೆಯ ರೂಢಿ. ಆ ರೂಢಿ ಉಳಿಯಬೇಕು. ಅದಕ್ಕೆ ನಾಯಿ ಸಾಕುವವರ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಖಚಿತವಾಗಬೇಕು.

1. ತೊಂದರೆಯ ಸ್ವರೂಪ

2011ರಲ್ಲಿ ಮಹಾನಗರ ಪಾಲಿಕೆಗೆ ಸೇರುವವರೆಗೆ ತುಡಿಯಲೂರು ಪಟ್ಟಣ ಪಂಚಾಯತಿಯಾಗಿತ್ತು. ಮೇಟುಪಾಳ್ಯಂ ರಸ್ತೆಯ ಎರಡೂ ಬದಿಯ ಹೊಲ, ತೋಟಗಳು ಒಂದೊಂದಾಗಿ ಬಡಾವಣೆಗಳಾದವು. ತೋಟಗಳ ಸುತ್ತ ಇದ್ದ ಕಿಳುವೈ ಮುಳ್ಳಿನ ಜೀವಂತ ಬೇಲಿಗಳನ್ನು ಕಿತ್ತು ಸೈಟು ಮಾಡಿದರು. ಸೈಟುಗಳ ಮೂಲೆಗೆ ಮೊಣಕಾಲೆತ್ತರದ ಕಲ್ಲು ನೆಟ್ಟರು. ಮನೆ ಎದ್ದಿತು, ಆದರೆ ಎಷ್ಟೋ ಕಡೆ ಕಾಂಪೌಂಡ್ ಏಳಲೇ ಇಲ್ಲ. ಕಳ್ಳರ ಭಯಕ್ಕೆ ನಾಯಿ ಬಂತು. ಬೇಲಿಯ ಕೆಲಸವನ್ನೂ ನಾಯಿಯೇ ಮಾಡಬೇಕಾಯಿತು.

ಮೂಲೆಗಲ್ಲು ಅಳತೆಯವರಿಗೆ ಗಡಿ, ನಾಯಿಗಲ್ಲ. ತನ್ನ ಮೂಗಿಗೆ, ಕಿವಿಗೆ ಎಟುಕುವಷ್ಟು ಜಾಗವನ್ನೆಲ್ಲ ಅದು ತನ್ನದೆಂದೇ ಕಾಯುತ್ತದೆ. ಮನೆಯ ಮುಂದಿನ ರಸ್ತೆ, ಎದುರಿನ ಖಾಲಿ ಸೈಟು, ತಿರುವಿನ ನಲ್ಲಿ ಎಲ್ಲವೂ ಅದರ ಕಾವಲಿಗೆ ಸೇರುತ್ತವೆ. ಒಡೆಯರು ‘ನಮ್ಮ ಜಾಗದಲ್ಲೇ ತಾನೇ ಬಿಟ್ಟಿದ್ದೇವೆ’ ಎನ್ನುತ್ತಾರೆ. ತೊಂದರೆಯಾಗುವುದು ಮಾತ್ರ ರಸ್ತೆಯಲ್ಲಿ ಹೋಗುವವರಿಗೆ.

ಬೆಳಿಗ್ಗೆ ಆರರ ಹೊತ್ತಿಗೆ ನಮ್ಮ ಯಾವ ಬಡಾವಣೆಯಲ್ಲಿ ನಿಂತು ನೋಡಿದರೂ ಇದು ಕಣ್ಣಿಗೆ ಬೀಳುತ್ತದೆ. ಮೊಪೆಡ್ಡಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡ ಹಾಲಿನವನು ತಿರುವಿನಲ್ಲಿ ವೇಗ ತಗ್ಗಿಸುತ್ತಾನೆ. ಜಗಲಿಯ ಮೇಲೆ ಮಲಗಿದ್ದ ನಾಯಿ ಎದ್ದು ಹಿಂಬದಿಯ ಚಕ್ರಕ್ಕೆ ಬೀಳುತ್ತದೆ. ಅವನು ಕಾಲೆತ್ತಿ ಪೆಟ್ರೋಲ್ ಟ್ಯಾಂಕಿನ ಮೇಲಿಡುತ್ತಾನೆ, ಹ್ಯಾಂಡಲ್ ಅಲುಗುತ್ತದೆ, ಕ್ಯಾನು ವಾಲುತ್ತದೆ. ಮನೆಯೊಳಗಿನಿಂದ ಕೂಗು ಬರುತ್ತದೆ: ‘ಹೆದರಬೇಡಿ, ಅದು ಏನೂ ಮಾಡಲ್ಲ!’ ಅದೇ ದಾರಿಯಲ್ಲಿ ಪೇಪರ್ ಹಾಕುವ ಹುಡುಗರು, ಪೌರಕಾರ್ಮಿಕರು, ಅಂಚೆಯವರು, ಸಿಲಿಂಡರ್ ಹೊರುವವರು, ಶಾಲೆಗೆ ನಡೆಯುವ ಮಕ್ಕಳು, ಕೋಲೂರಿಕೊಂಡು ದೇವಸ್ಥಾನಕ್ಕೆ ಹೋಗುವ ಅಜ್ಜಿಯರು ಬರುತ್ತಾರೆ. ಇವರಲ್ಲಿ ಬಹುಪಾಲು ಜನರಿಗೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವ ಅವಕಾಶವಿಲ್ಲ.

ಹೀಗೆ ಅಟ್ಟಿಸಿಕೊಂಡು ಬಿದ್ದು ಮೊಣಕೈ ಮುರಿದುಕೊಂಡವರ ಮೈಮೇಲೆ ಹಲ್ಲಿನ ಗುರುತು ಇರುವುದಿಲ್ಲ. ಆದ್ದರಿಂದ ಅವರ ಗಾಯ ನಾಯಿ ಕಡಿತದ ಲೆಕ್ಕಕ್ಕೆ ಸೇರುವುದಿಲ್ಲ. ತಮ್ಮ ಕಚೇರಿಗೆ ತಲುಪುವ ಅಂಕಿಗಳಿಗಿಂತ ನಿಜವಾದ ತೊಂದರೆ ದೊಡ್ಡದು ಎಂದು ನಾವು ಹೇಳುವುದು ಇದರಿಂದಲೇ.

2. ಸಾಕಿದ್ದೂ ಅಲ್ಲ, ಬೀದಿಯದೂ ಅಲ್ಲ

ಬೀದಿನಾಯಿಗಳ ವಿಚಾರ ದೇಶದಾದ್ಯಂತ ಚರ್ಚೆಯಾಗಿದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಆ ಬಗ್ಗೆ ಆದೇಶ ಕೊಟ್ಟಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ಬಗ್ಗೆಯೂ ಹೇಳಿತು. ಹಾಗೆಯೇ ಮನೆಯೊಳಗೆ ಸಾಕುವ ನಾಯಿಯ ಬಗ್ಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಲಸಿಕೆ, ಸಂತಾನಹರಣದ ಹೊಣೆಯನ್ನು ಒಡೆಯರ ಮೇಲೆ ಹೊರಿಸಿವೆ.

ಈ ಎರಡರ ನಡುವೆ ಮೂರನೆಯ ಬಗೆಯೊಂದಿದೆ. ರಾತ್ರಿ ಒಂದು ಮನೆಯ ಅನ್ನ ತಿಂದು, ಹಗಲೆಲ್ಲ ಬೀದಿ ಸುತ್ತುವ ನಾಯಿ ಅದು. ಕಳ್ಳನನ್ನು ಓಡಿಸಿದಾಗ ಅದು ‘ನಮ್ಮ ನಾಯಿ’, ಯಾರನ್ನಾದರೂ ಕಚ್ಚಿದಾಗ ‘ಬೀದಿನಾಯಿ’. ಕೊರಳಪಟ್ಟಿಯಿಲ್ಲ, ಬಿಲ್ಲೆಯಿಲ್ಲ, ಲಸಿಕೆಯ ಚೀಟಿಯಿಲ್ಲ. ಪಾಲಿಕೆಯ ವಾಹನ ಬಂದರೆ ಒಳಗೆ ಕರೆದುಕೊಳ್ಳುತ್ತಾರೆ, ಹಾಗಾಗಿ ಶಸ್ತ್ರಚಿಕಿತ್ಸೆಯಿಂದಲೂ ಲಸಿಕೆಯಿಂದಲೂ ತಪ್ಪಿಸಿಕೊಳ್ಳುತ್ತದೆ. ಅಂಥ ಒಂದು ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಆ ಮರಿಗಳು ಬೀದಿಗೇ ಬೀಳುತ್ತವೆ. ಬೀದಿನಾಯಿಗಳ ಸಂತಾನಹರಣಕ್ಕೆ ಪಾಲಿಕೆ ಖರ್ಚು ಮಾಡುವ ಹಣವೆಲ್ಲ ಹೀಗೆ ಒಂದು ಕಡೆಯಿಂದ ಸೋರಿಹೋಗುತ್ತದೆ.

3. ರೇಬೀಸ್‌ನ ಅಪಾಯ

ತಮಿಳುನಾಡಿನಲ್ಲಿ 2024ರಲ್ಲಿ ಸುಮಾರು 4.8 ಲಕ್ಷ ನಾಯಿ ಕಡಿತದ ಪ್ರಕರಣಗಳೂ 43 ರೇಬೀಸ್ ಸಾವುಗಳೂ ವರದಿಯಾದವು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭಾರತದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮಕ್ಕಳು ಎತ್ತರದಲ್ಲಿ ಚಿಕ್ಕವರಾದ್ದರಿಂದ ಕಡಿತ ಮುಖಕ್ಕೆ, ಕುತ್ತಿಗೆಗೆ ಬೀಳುವುದು ಹೆಚ್ಚು. ಗಾಯ ಮಿದುಳಿಗೆ ಹತ್ತಿರವಾದಷ್ಟೂ ಚಿಕಿತ್ಸೆಗೆ ಉಳಿಯುವ ಸಮಯ ಕಡಿಮೆ.

ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ತಡಮಾಡದೆ ಲಸಿಕೆ ಹಾಕಿಸಬೇಕು, ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7, 28ನೇ ದಿನಗಳಂದು ಮತ್ತೆ ಹೋಗಬೇಕು. ದಿನಗೂಲಿಯವರಿಗೆ ಇದು ನಾಲ್ಕು ದಿನದ ಕೂಲಿ. ಕಚ್ಚಿದ ನಾಯಿಯ ಒಡೆಯರು ಯಾರು, ಅದಕ್ಕೆ ಲಸಿಕೆ ಆಗಿದೆಯೇ ಎಂಬುದು ತಿಳಿದರೆ ವೈದ್ಯರಿಗೆ ದಾರಿ ಸುಲಭವಾಗುತ್ತದೆ, ನಾಯಿಯನ್ನು 10 ದಿನ ಗಮನಿಸಲೂ ಸಾಧ್ಯವಾಗುತ್ತದೆ. ‘ನಮ್ಮದಲ್ಲ’ ಎಂಬ ಒಂದು ಮಾತು ಇದೆಲ್ಲವನ್ನೂ ಮುಚ್ಚಿಹಾಕುತ್ತದೆ.

ನಮ್ಮ ಊರಿನ ಮುಂದೆ ಹಾದುಹೋಗುವ ಮೇಟುಪಾಳ್ಯಂ ರಸ್ತೆ ಹಿಡಿದು ಮೇಲಕ್ಕೆ ಹೋದರೆ ಕೂನೂರು ಸಿಗುತ್ತದೆ. 1907ರಲ್ಲಿ ಅಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆ ದಕ್ಷಿಣ ಭಾರತದ ಜನರಿಗೆ ರೇಬೀಸ್ ಲಸಿಕೆ ಒದಗಿಸಿತು. ಒಂದು ಶತಮಾನಕ್ಕೂ ಹಿಂದೆ ಲಸಿಕೆ ತಯಾರಾದ ಬೆಟ್ಟದ ದಾರಿಯಲ್ಲಿರುವ ಊರಿನಲ್ಲಿ ಇಂದೂ ನಾಯಿ ಕಚ್ಚಿದರೆ ಜೀವಭಯ ಪಡಬೇಕಾಗಿರುವುದು ಸರಿಯಲ್ಲ. 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ಕೊನೆಗಾಣಿಸುವ ರಾಷ್ಟ್ರೀಯ ಕಾರ್ಯಯೋಜನೆ 2021ರಿಂದ ಜಾರಿಯಲ್ಲಿದೆ. ನೂರಕ್ಕೆ ಎಪ್ಪತ್ತು ನಾಯಿಗಳಿಗಾದರೂ ಲಸಿಕೆ ಆಗದೆ ಆ ಗುರಿ ಮುಟ್ಟಲಾಗದು.

4. ಕಾಡಂಚಿನ ಊರೆಂಬ ವಿಶೇಷ

ತುಡಿಯಲೂರಿನ ಪಶ್ಚಿಮಕ್ಕೆ ಪನ್ನಿಮಡೈ, ಚಿನ್ನತಡಾಗಂ ಕಡೆ ಹೋದರೆ ಪಶ್ಚಿಮ ಘಟ್ಟದ ಬುಡ. ಅಲ್ಲಿ ಆನೆಗಳು ತೋಟಗಳಿಗೆ ಇಳಿಯುತ್ತವೆ, ಚಿರತೆಯ ಸುಳಿವೂ ಸಿಗುತ್ತದೆ. ಬಿಟ್ಟ ನಾಯಿ ಆನೆಯನ್ನು ಕಂಡು ಬೊಗಳುತ್ತ ಮೇಲೆ ಬೀಳುತ್ತದೆ. ಆನೆ ತಿರುಗಿ ಬಿದ್ದಾಗ ಅದು ಓಡಿಬರುವುದು ತನ್ನ ಮನೆಗೇ, ಸಿಟ್ಟಾದ ಆನೆಯನ್ನು ಬೆನ್ನಿಗೆ ಕಟ್ಟಿಕೊಂಡು. ಇನ್ನು ಬಯಲಿನಲ್ಲಿ ಮೋಟು ಸರಪಳಿಗೆ ಕಟ್ಟಿದ ನಾಯಿ ಓಡಲೂ ಆಗದೆ ಚಿರತೆಗೆ ಸುಲಭದ ತುತ್ತಾಗುತ್ತದೆ. ಅಂದರೆ ಬಿಡುವುದೂ ಅಪಾಯ, ಬಯಲಿನಲ್ಲಿ ಕಟ್ಟುವುದೂ ಅಪಾಯ. ಸುತ್ತಲೂ ತಡೆಯಿರುವ ಜಾಗವೊಂದೇ ನಾಯಿಗೂ ಮನೆಯವರಿಗೂ ಕ್ಷೇಮ.

ಕುರಿ, ಮೇಕೆ ಸಾಕುವವರ ನಷ್ಟವನ್ನೂ ಮರೆಯಲಾಗದು. ನೆರೆಯ ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ವೆಳ್ಳಕೋಯಿಲ್ ಭಾಗದಲ್ಲಿ ನಾಯಿಗಳ ಹಿಂಡು ಕುರಿಗಳನ್ನು ಕೊಂದ ಘಟನೆಗಳಿಂದ ರೈತರು ಪರಿಹಾರ ಕೇಳಿ ಬೀದಿಗಿಳಿಯಬೇಕಾಯಿತು. ರಾತ್ರಿ ಹಿಂಡು ಕಟ್ಟುವ ನಾಯಿಗಳಲ್ಲಿ ಹಗಲು ಒಬ್ಬರ ಮನೆಯ ಕಾವಲಿಗಿರುವವೂ ಸೇರಿರುತ್ತವೆ.

5. ಕಾನೂನು ಏನು ಹೇಳುತ್ತದೆ

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ತಕ್ಕ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪ್ರಾಣಿ ರಸ್ತೆಯಲ್ಲಿದ್ದರೆ ಒಂದು, ಸ್ವಂತ ಅಂಗಳದಲ್ಲಿದ್ದರೆ ಇನ್ನೊಂದು ಎಂಬ ಭೇದ ಅಲ್ಲಿಲ್ಲ.

ಅದೇ ವೇಳೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಮಿತಿಮೀರಿದ ಮೋಟು ಅಥವಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಹೆಚ್ಚು ಹೊತ್ತು ಕಟ್ಟಿಡುವುದನ್ನೂ, ಸದಾ ಕಟ್ಟಿಹಾಕಿದ ನಾಯಿಯನ್ನು ಆಡಿಸದೆ ಓಡಾಡಿಸದೆ ಬಿಡುವುದನ್ನೂ ಅಪರಾಧವೆನ್ನುತ್ತದೆ. ಆದ್ದರಿಂದ ‘ಬಿಡಬೇಡಿ ಎಂದರೆ ಹಗಲಿರುಳು ಕಟ್ಟಿಹಾಕುತ್ತೇವೆ’ ಎಂಬುದು ಉತ್ತರವಲ್ಲ. ಸದಾ ಕಟ್ಟಿದ ನಾಯಿ ರೊಚ್ಚಿಗೇಳುತ್ತದೆ ಎಂಬುದು ನಾಯಿ ಸಾಕಿದವರಿಗೆಲ್ಲ ಗೊತ್ತಿರುವ ಮಾತು. ನಾಯಿಯನ್ನು ಕೊಲ್ಲುವುದು, ಅಂಗವಿಕಲ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಸೆರೆವಾಸಕ್ಕೆ ತಕ್ಕ ಅಪರಾಧ. ವಿಷವಿಕ್ಕುವ, ಹೊಡೆದು ಕೊಲ್ಲುವ ಯಾವುದೇ ಕೃತ್ಯವನ್ನು ನಾವು ಖಂಡಿಸುತ್ತೇವೆ.

ತಳಿ ನಿಷೇಧವೂ ನಮ್ಮ ಬೇಡಿಕೆಯಲ್ಲ. 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಬರೆದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ನಮ್ಮ ಬೀದಿಯಲ್ಲಿ ಅಟ್ಟಿಸಿಕೊಂಡು ಬರುವುದು ವಿದೇಶಿ ತಳಿಯಷ್ಟೇ ಅಲ್ಲ, ನಾಟಿ ನಾಯಿಯೂ ಹೌದು. ತಳಿ ಯಾವುದೇ ಇರಲಿ, ಒಡೆಯರು ಹೊಣೆ ಹೊರುವಂತಾಗಬೇಕು.

ಚೆನ್ನೈಯಲ್ಲಿ 2024ರ ಮೇ ತಿಂಗಳಲ್ಲಿ ಪಾಲಿಕೆಯ ಉದ್ಯಾನದಲ್ಲಿದ್ದ ಐದು ವರ್ಷದ ಹೆಣ್ಣುಮಗುವಿನ ಮೇಲೆ ಸಾಕಿದ ರಾಟ್‌ವೀಲರ್ ನಾಯಿಗಳು ಎರಗಿದ ಮೇಲೆ ಅಲ್ಲಿನ ಪಾಲಿಕೆ ಸಾಕುನಾಯಿ ಪರವಾನಗಿಯನ್ನು ಬಿಗಿಗೊಳಿಸಿತು, ಮೈಕ್ರೋಚಿಪ್ ಅಳವಡಿಸತೊಡಗಿತು, ಪರವಾನಗಿ ಇಲ್ಲದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಬ್ರಿಟನ್ನಿನಲ್ಲಿ ನಾಯಿಯ ಒಡೆಯರ ಹೊಣೆ ಮೊದಲು ಸಾರ್ವಜನಿಕ ಸ್ಥಳಕ್ಕೆ ಸೀಮಿತವಾಗಿತ್ತು. ಮನೆಯಂಗಳಗಳಲ್ಲಿ ಕಡಿತಕ್ಕೊಳಗಾಗುತ್ತಿದ್ದ ಅಂಚೆ ನೌಕರರ ಸಂಘಟನೆ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಕಾನೂನನ್ನು ಖಾಸಗಿ ಜಾಗಕ್ಕೂ ವಿಸ್ತರಿಸಲಾಯಿತು. ಒಂದು ಮಗುವಿಗೆ ಆಪತ್ತು ಬಂದ ಮೇಲೆ ಎಚ್ಚೆತ್ತುಕೊಳ್ಳುವ ಬದಲು ಕೊಯಮತ್ತೂರು ಮೊದಲೇ ಕ್ರಮ ಕೈಗೊಳ್ಳಲಿ ಎಂಬುದು ನಮ್ಮ ಕೋರಿಕೆ.

6. ನಮ್ಮ ಬೇಡಿಕೆಗಳು

1. ನಾಯಿ ದಾಟಲಾಗದ ಕಾಂಪೌಂಡ್, ತಂತಿಬೇಲಿ ಅಥವಾ ದಟ್ಟವಾದ ಜೀವಂತ ಬೇಲಿ ಮತ್ತು ಮುಚ್ಚುವ ಗೇಟು ಇರುವಲ್ಲಿ ಮಾತ್ರ ಸಾಕುನಾಯಿಯನ್ನು ಬಿಚ್ಚಿ ಬಿಡಬಹುದು ಎಂದು ಪಾಲಿಕೆ ಆದೇಶ ಹೊರಡಿಸಬೇಕು. ಬೇಲಿಯಿಲ್ಲದ ಕಡೆ ನಾಯಿ ಹೊರಗಿರುವಾಗ ಹಗ್ಗ ಹಿಡಿದ ದೊಡ್ಡವರೊಬ್ಬರು ಜೊತೆಗಿರಬೇಕು.

2. ಬೇಲಿ ಹಾಕಲು ಶಕ್ತಿಯಿಲ್ಲದವರಿಗೆ ಅಗ್ಗದ ಬದಲಿ ವ್ಯವಸ್ಥೆಗಳನ್ನು ಒಪ್ಪಬೇಕು: ತಲೆಯ ಮೇಲೆ ಸೂರಿರುವ, ನಾಯಿ ತಿರುಗಾಡುವಷ್ಟು ಅಗಲದ ಜಾಲರಿ ಆವರಣ, ಅಥವಾ ಎರಡು ಕಂಬಗಳ ನಡುವೆ ತಂತಿ ಬಿಗಿದು, ಅದರಲ್ಲಿ ಸರಿಯುವ ಬಳೆಗೆ ಹಗ್ಗ ಕಟ್ಟುವ ಏರ್ಪಾಟು. ಎರಡನೆಯದು ಹಗಲಿಗೆ, ಮನೆಯವರು ಇರುವಾಗ ಮಾತ್ರ. ಕಾಡಂಚಿನಲ್ಲಿ ರಾತ್ರಿ ನಾಯಿಯನ್ನು ಮುಚ್ಚಿದ ಗೂಡಿನಲ್ಲಿಡುವಂತೆ ಅರಣ್ಯ ಇಲಾಖೆಯೊಡನೆ ಸೇರಿ ತಿಳಿವಳಿಕೆ ಕೊಡಬೇಕು.

3. ತೋಟಗಳ ಗಡಿಗೆ ಕಿಳುವೈ ಬೇಲಿ ಮತ್ತೆ ಬೆಳೆಸಲು ಸಸಿ, ಕಡ್ಡಿಗಳನ್ನು ತೋಟಗಾರಿಕೆ ಇಲಾಖೆಯ ಮೂಲಕ ಒದಗಿಸಬೇಕು. ಹೊಸ ಬಡಾವಣೆಗಳಲ್ಲಿ ಮನೆ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಗಡಿಬೇಲಿಯ ಸೂಚನೆ ಸೇರಿಸಬೇಕು.

4. ವಾರ್ಡ್ ಮಟ್ಟದಲ್ಲಿ ಶಿಬಿರ ನಡೆಸಿ ಪ್ರತಿ ಸಾಕುನಾಯಿಯನ್ನು ನೋಂದಾಯಿಸಬೇಕು. ಕೊರಳಪಟ್ಟಿಯಲ್ಲಿ ಸಂಖ್ಯೆಯಿರುವ ಬಿಲ್ಲೆ ಕಡ್ಡಾಯವಾಗಬೇಕು. ಆರು ತಿಂಗಳಿಂದ ಒಂದು ಮನೆಯಲ್ಲಿ ಊಟ, ನೆಲೆ ಪಡೆಯುತ್ತಿರುವ ನಾಯಿಯನ್ನು ಆ ಮನೆಯ ನಾಯಿಯೆಂದೇ ಪರಿಗಣಿಸಬೇಕು. ಬೀದಿನಾಯಿಗಳಿಗೆ ದಯೆಯಿಂದ ಅನ್ನವಿಡುವವರನ್ನು ಈ ನೆಪದಲ್ಲಿ ಪೀಡಿಸಬಾರದು.

5. ನೋಂದಣಿಯ ದಿನವೇ ಉಚಿತ ರೇಬೀಸ್ ಲಸಿಕೆ ಹಾಕಬೇಕು, ಕಡಿಮೆ ಆದಾಯದ ಕುಟುಂಬಗಳ ನಾಯಿಗಳಿಗೆ ಉಚಿತ ಸಂತಾನಹರಣ ಮಾಡಬೇಕು. ಇದಕ್ಕಾಗಿ ಊರಿನ ಇನ್ನೊಂದು ತುದಿಯ ಕೇಂದ್ರಗಳಿಗೆ ಅಲೆಯುವುದು ಕಷ್ಟ. ಉತ್ತರ ವಲಯದಲ್ಲೇ ತಿಂಗಳಿಗೊಂದು ನಿಗದಿತ ದಿನ ಇರಲಿ.

6. ದೂರು ಕೊಟ್ಟವರಿಗೆ ಸಂಖ್ಯೆಯಿರುವ ರಸೀದಿ ಮತ್ತು ಏಳು ದಿನಗಳೊಳಗೆ ಉತ್ತರ ಸಿಗಬೇಕು. ಮೊದಲ ದೂರಿಗೆ ಮನೆಗೆ ಬಂದು ತಿಳಿಹೇಳಿ 15 ದಿನಗಳ ಕಾಲಾವಕಾಶ, ಎರಡನೆಯದಕ್ಕೆ ದಂಡ, ಮತ್ತೂ ಮುಂದುವರಿದರೆ 291ನೇ ಕಲಮಿನಡಿ ಪೊಲೀಸರಿಗೆ ವರದಿ ಎಂಬ ಕ್ರಮ ಇರಲಿ. ನೆರೆಹೊರೆಯ ಹಳೆಯ ಜಗಳ ತೀರಿಸಿಕೊಳ್ಳಲು ಇದು ಬಳಕೆಯಾಗದಂತೆ ಸ್ಥಳ ಪರಿಶೀಲನೆ ಕಡ್ಡಾಯವಾಗಲಿ.

7. ಕಡಿತಕ್ಕೊಳಗಾದವರ, ಅಟ್ಟಿಸಿಕೊಂಡು ಬಿದ್ದು ಗಾಯಗೊಂಡವರ ಚಿಕಿತ್ಸೆಯ ಖರ್ಚನ್ನೂ ಕಳೆದುಕೊಂಡ ಕೂಲಿಯನ್ನೂ ನಾಯಿಯ ಒಡೆಯರು ಭರಿಸಬೇಕು. ಬಿದ್ದು ಆದ ಗಾಯಗಳಿಗೂ ಆಸ್ಪತ್ರೆಗಳಲ್ಲಿ ಪ್ರತ್ಯೇಕ ದಾಖಲೆ ಇಡಬೇಕು.

8. ತುಡಿಯಲೂರು ಭಾಗದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೇಬೀಸ್ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಸದಾ ದಾಸ್ತಾನಿರಬೇಕು. ದಾಸ್ತಾನಿನ ವಿವರವನ್ನು ಹೊರಗಿನ ಫಲಕದಲ್ಲಿ ಬರೆಯಬೇಕು.

9. ನಾಯಿಗೆ ಪಾಲಿಕೆಯ ಗಡಿ ತಿಳಿಯದು. ಆದ್ದರಿಂದ ಪಕ್ಕದ ಕುರುಡಂಪಾಳ್ಯಂ, ಪನ್ನಿಮಡೈ ಮುಂತಾದ ಗ್ರಾಮ ಪಂಚಾಯತಿಗಳಲ್ಲೂ ಇದೇ ನಿಯಮ ಜಾರಿಯಾಗುವಂತೆ ಜಿಲ್ಲಾಧಿಕಾರಿಗಳು ಜಂಟಿ ಸಭೆ ಕರೆಯಬೇಕು.

10. ನಿಯಮಗಳ ಕರಪತ್ರವನ್ನು ತಮಿಳಿನ ಜೊತೆಗೆ ಕನ್ನಡ, ತೆಲುಗು, ಮಲಯಾಳಂ, ಹಿಂದಿಯಲ್ಲೂ ಅಚ್ಚುಹಾಕಿಸಬೇಕು. ಕಾರ್ಖಾನೆಗಳ ವಲಸೆ ಕಾರ್ಮಿಕರಿಗೆ ಕಚ್ಚಿದ ಕೂಡಲೇ ಏನು ಮಾಡಬೇಕೆಂಬುದು ಅವರ ಭಾಷೆಯಲ್ಲೇ ತಲುಪಬೇಕು.

7. ನಮ್ಮ ಕಡೆಯಿಂದ

ಬೇಡಿಕೆ ಇಟ್ಟು ಕೈಕಟ್ಟಿ ಕೂರುವವರು ನಾವಲ್ಲ. ಈ ಮನವಿಗೆ ಸಹಿ ಹಾಕಿದವರಲ್ಲಿ ನಾಯಿ ಸಾಕಿರುವ ಪ್ರತಿಯೊಬ್ಬರೂ ಮೊದಲ ಶಿಬಿರದಲ್ಲೇ ನೋಂದಣಿ ಮಾಡಿಸುತ್ತೇವೆ. ಬೇಲಿ ಕಟ್ಟಲಾಗದ ವೃದ್ಧರ, ಒಂಟಿ ಮಹಿಳೆಯರ ಮನೆಗಳಿಗೆ ಕಂಬ ನೆಡುವ, ಜಾಲರಿ ಬಿಗಿಯುವ ಕೆಲಸಕ್ಕೆ ನಮ್ಮ ಯುವಕರು ಶ್ರಮದಾನ ಮಾಡುತ್ತಾರೆ. ಶಿಬಿರಗಳಿಗೆ ಜಾಗ, ಶಾಮಿಯಾನ, ನೀರಿನ ವ್ಯವಸ್ಥೆ ನಮ್ಮದು. ನಾಯಿಯ ಒಡೆಯರೊಡನೆ ಜಗಳವಾಡದೆ ಮಾತನಾಡಿ ಒಪ್ಪಿಸುವ ಹೊಣೆಯನ್ನೂ ಹೊರುತ್ತೇವೆ.

ಕಾವಲಿಗೆ ನಾಯಿ ಬೇಕೆನ್ನುವವರ ಹಕ್ಕನ್ನು ನಾವು ಗೌರವಿಸುತ್ತೇವೆ. ಭಯವಿಲ್ಲದೆ ಬೀದಿಯಲ್ಲಿ ನಡೆಯುವ ಹಕ್ಕು ಹಾಲಿನವನಿಗೂ ಶಾಲೆಯ ಮಗುವಿಗೂ ಇದೆ. ಮೇಟುಪಾಳ್ಯಂ ರಸ್ತೆಯ ಲಾರಿಯ ಗಾಲಿಗೆ ಸಿಕ್ಕಿ ಸಾಯದೆ ಬಾಳುವ ಹಕ್ಕು ಆ ನಾಯಿಗೂ ಇದೆ. ಒಂದು ಗಟ್ಟಿ ಬೇಲಿ, ಒಂದು ಬಿಲ್ಲೆ, ವರ್ಷಕ್ಕೊಂದು ಲಸಿಕೆ ಇದ್ದರೆ ಈ ಮೂರು ಹಕ್ಕುಗಳೂ ಉಳಿಯುತ್ತವೆ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದಕ್ಕೆ ಮೊದಲು ನಿವಾಸಿಗಳು, ಪಶುವೈದ್ಯರು, ಪ್ರಾಣಿದಯಾ ಕಾರ್ಯಕರ್ತರು, ಪೊಲೀಸರು ಸೇರಿದ ಸಭೆಯೊಂದನ್ನು ತುಡಿಯಲೂರಿನಲ್ಲೇ ಕರೆದು, ಆ ದಿನ ಮೊದಲ ನೋಂದಣಿ ಶಿಬಿರವನ್ನು ಆರಂಭಿಸಬೇಕೆಂದು ತಮ್ಮಲ್ಲಿ ಕಳಕಳಿಯಿಂದ ವಿನಂತಿಸುತ್ತೇವೆ. ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ತುಡಿಯಲೂರು ಮತ್ತು ಸುತ್ತಲಿನ ಬಡಾವಣೆಗಳ ಕನ್ನಡ ಮನೆಮಾತಿನ ನಿವಾಸಿಗಳು

ಲಗತ್ತುಗಳು: ಸಹಿ ಮಾಡಿದವರ ಪಟ್ಟಿ; ಮನವಿಯ ತಮಿಳು ಪ್ರತಿ; ಬೇಲಿಯಿಲ್ಲದ ತಿರುವುಗಳನ್ನು ಗುರುತಿಸಿದ ಬೀದಿ ನಕ್ಷೆ